ಅವ್ವನ ಹೆಸರಿನ ಮೂರು ಗಾಡಿ

ಭೀಮಾಬಾಯಿಯ ಕೈಗುಣ ದೊಡ್ಡದೆಂದು ಶಹಾಪುರದ ಆ ಓಣಿಯವರೆಲ್ಲ ನಂಬಿದ್ದರು. ಅವಳು ಬೋಣಿ ಮಾಡಿದ ಅಂಗಡಿ ಮುಚ್ಚುವುದಿಲ್ಲ, ಅವಳು ಮೊದಲ ಸೇರು ಅಳೆದುಕೊಟ್ಟ ಜೋಳಕ್ಕೆ ಹುಳ ಬೀಳುವುದಿಲ್ಲ ಎಂಬ ಮಾತಿತ್ತು. ಹನ್ನೊಂದು ವರ್ಷದ ಹಿಂದೆ ಅವಳ ಎರಡು ಬಂಗಾರದ ಪಾಟ್ಲಿ ಬಳೆ ಮಾರಿ ಮಕ್ಕಳು ಮೊದಲ ಪಿಕಪ್ ತಂದಾಗ ಅದನ್ನು ಅವಳ ಹೆಸರಿನಲ್ಲೇ ನೋಂದಾಯಿಸಿದರು. ಎರಡನೆಯದೂ ಮೂರನೆಯದೂ ಹಾಗೆಯೇ ಆದವು. “ಅವ್ವನ ಹೆಸರಿನಾಗ ಇದ್ರ ಅಣ್ಣತಮ್ಮರ ನಡುವ ಜಗಳ ಬರಂಗಿಲ್ಲ” ಎಂದು ಹಿರಿಮಗ ಸಂಗಮನಾಥ ಹೇಳಿದ್ದ. ಮೂರೂ ಗಾಡಿಗಳ ಮುಂದಿನ ಗಾಜಿನ ಮೇಲೆ ‘ಅವ್ವನ ಆಶೀರ್ವಾದ’ ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದರು.

ಅವ್ವನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಲೈಸನ್ಸ್ ಇರಲಿಲ್ಲ. ಮನೆಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುವ ಮುದುಕಿಗೆ ಲೈಸನ್ಸ್ ಯಾಕೆ ಬೇಕೆಂದು ಯಾರೂ ಕೇಳಿರಲೂ ಇಲ್ಲ.

ಜನವರಿ ಎರಡನೆಯ ವಾರದ ಒಂದು ಬುಧವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ಕಿರಿಮಗ ವಿಶ್ವರಾಧ್ಯ ಯಾದಗಿರಿಯಿಂದ ಹತ್ತಿಕುಣಿಗೆ ದನದ ಹಿಂಡಿಯ ಚೀಲ ಒಯ್ಯುತ್ತಿದ್ದ. ಹಿಂದಿನ ಟೈರು ಸಿಡಿದು ಗಾಡಿ ಪಲ್ಟಿಯಾಯಿತು. ಎದುರಿಗೆ ಯಾವ ವಾಹನವೂ ಇರಲಿಲ್ಲ, ಯಾರ ಮೇಲೂ ದೂರು ಕೊಡುವಂತಿರಲಿಲ್ಲ. ದವಾಖಾನೆ ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು. ಅವನಿಗೆ ಮೂವತ್ತನಾಲ್ಕು ವರ್ಷ. ಹೆಂಡತಿ ಶಿವರಂಜನಿಗೆ ಇಪ್ಪತ್ತೊಂಬತ್ತು, ಮಗಳಿಗೆ ಆರು.

ಮಣ್ಣು ಮಾಡಿ ಹದಿನೆಂಟನೆಯ ದಿನ ವಿಮಾ ಏಜೆಂಟ್ ದೇವಿಂದ್ರಪ್ಪ ಮನೆಗೆ ಬಂದ. ಯಾದಗಿರಿಯ ಆರ್‌ಟಿಒ ಆಫೀಸಿನ ಎದುರು ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಅವನದೊಂದು ಟೇಬಲ್ಲು. ಈ ಮನೆಯ ಮೂರೂ ಗಾಡಿಗಳ ವಿಮೆ ಅವನ ಕೈಯಲ್ಲೇ ಇತ್ತು. ಹೊರಸಿನ ಮೇಲೆ ಕುಳಿತು, ಚಹಾದ ಬಸಿ ಮೊಣಕಾಲ ಮೇಲಿಟ್ಟುಕೊಂಡು ಅವನು ಸಂಗಮನಾಥನಿಗೆ ಹೇಳಿದ:

“ಗಾಡಿ ರಿಪೇರಿ ರೊಕ್ಕ ಬರ್ತದ್ರಿ. ಸರ್ವೇಯರ್ ಫೋಟೊ ಹೊಡಕೊಂಡು ಹೋಗ್ಯಾನ. ಅದರದೇನೂ ಚಿಂತಿಲ್ಲ.”

“ಮನಷ್ಯಾಂದು?” ಎಂದು ಶಿವರಂಜನಿ ಅಡುಗೆಮನೆಯ ಬಾಗಿಲಿನಿಂದ ಕೇಳಿದಳು.

ದೇವಿಂದ್ರಪ್ಪ ಬಸಿ ಕೆಳಗಿಟ್ಟ. “ಅದನ್ನೇ ಹೇಳಾಕ ಬಂದೀನಿ ತಂಗಿ. ಗಾಡಿ ಮಾಲಕ ತಾನೇ ಓಡಿಸಿ ಸತ್ರ ಹದಿನೈದು ಲಕ್ಷ ಬರ್ತದ. ಆದ್ರ ಆರ್‌ಸಿ ಅವನ ಹೆಸರಿನಾಗ ಇರ್ಬೇಕು, ಲೈಸನ್ಸೂ ಅವನ ಹತ್ರ ಇರ್ಬೇಕು. ಇಲ್ಲಿ ಆರ್‌ಸಿ ಅವ್ವಾರ ಹೆಸರಿನಾಗದ. ಅವ್ವಾರಿಗೆ ಲೈಸನ್ಸಿಲ್ಲ. ಹಿಂಗಾಗಿ ಆ ವಿಮಾ ಕಟ್ಟಿಸ್ಕೊಂಡೇ ಇಲ್ಲ.”

“ಇದನ್ನ ಮೊದಲ ಹೇಳಬೇಕಿತ್ತಲ್ರಿ” ಎಂದಳು ಶಿವರಂಜನಿ.

“ಹೇಳಿದ್ದೆ.” ಅವನು ಸಂಗಮನಾಥನ ಕಡೆ ನೋಡಲಿಲ್ಲ. “ಮೂರು ವರ್ಷದ ಹಿಂದ, ವಿಮಾ ತುಂಬೋ ಟೈಮಿಗೆ. ಒಂದು ಗಾಡಿನಾರ ಸಣ್ಣಾಂವನ ಹೆಸರಿಗೆ ಮಾಡ್ಸ್ರಿ, ಓಡಿಸಾಂವ ಅವನ ಅಂದಿದ್ದೆ.”

“ಆವಾಗ ಕೈಯಾಗ ರೊಕ್ಕ ಇರ್ಲಿಲ್ಲ” ಎಂದ ಸಂಗಮನಾಥ. “ನೋಡೋಣ ಅಂದಿದ್ದೆ. ಈಗ ಅದನ್ನ ಕೆದರಿದ್ರ ಏನು ಬಂತು?”

ದೇವಿಂದ್ರಪ್ಪ ಮೊಬೈಲ್ ತೆಗೆದ. “ಇನ್ನೊಂದು ಹಾದಿ ಅದ್ರಿ. ಪಗಾರದ ಡ್ರೈವರ್ ಸಲುವಾಗಿ ಗಾಡಿಗೆ ಐವತ್ತು ರೂಪಾಯಿ ಬ್ಯಾರೆ ಕಟ್ಟೀವಿ. ಡ್ರೈವರ್ ಕೆಲಸದ ಮ್ಯಾಲಿದ್ದಾಗ ಸತ್ರ ಅವನ ಮನಿಯವ್ರಿಗೆ ಮಾಲಕ ಪರಿಹಾರ ಕೊಡ್ಬೇಕು. ಮಾಲಕನ ಪರವಾಗಿ ಕಂಪನಿ ಕೊಡ್ತದ. ವಯಸ್ಸು ಮೂವತ್ನಾಕು. ಪಗಾರ ಹದಿನೈದು ಸಾವಿರ ಅಂತ ಹಿಡೀರಿ, ಅದಕ್ಕಿಂತ ಹೆಚ್ಚು ಕಾಯ್ದೆದಾಗ ಹಿಡಿಯಂಗಿಲ್ಲ. ಅದರಾಗ ಅರ್ಧ, ವಯಸ್ಸಿನ ಲೆಕ್ಕಕ್ಕ ಗುಣಿಸಿದ್ರ...” ಅವನು ಮೊಬೈಲನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದ. “ಹದಿನಾಕು ಲಕ್ಷ ತೊಂಬತ್ತೈದು ಸಾವಿರದ ಐನೂರು.”

ಮೂಲೆಯಲ್ಲಿ ಗೋಡೆಗೊರಗಿ ಕುಳಿತಿದ್ದ ಭೀಮಾಬಾಯಿ, “ಯಾರ ಪಗಾರ?” ಎಂದಳು.

“ವಿಶ್ವರಾಧ್ಯಂದ್ರೀ ಅವ್ವಾರ. ನಿಮ್ಮ ಹತ್ರ ಪಗಾರಕ್ಕಿದ್ದ ಅಂತ ಬರಕೊಡಬೇಕು.”

“ನನ್ನ ಮಗ ಆಳೇನೋ? ಮಾಲಕ ಅವ! ನನ್ನ ಹೊಟ್ಯಾಗ ಹುಟ್ಟಿದಾಂವ ನನ್ನ ಮನ್ಯಾಗ ಪಗಾರಕ್ಕ ದುಡದ ಅಂತ ನಾನೇ ಬರಕೊಡಬೇಕೇನು? ನಿನ್ನ ಹದಿನೈದು ಲಕ್ಷಕ್ಕ ಬೆಂಕಿ ಹಚ್ಚು.”

ಶಿವರಂಜನಿ ಒಲೆಯ ಕಡೆ ತಿರುಗಿದಳು. ಮಾಲಕ ಎಂಬ ಮಾತನ್ನು ಅವಳು ಎರಡು ವರ್ಷದ ಹಿಂದೆಯೂ ಇದೇ ಪಡಸಾಲೆಯಲ್ಲಿ ಕೇಳಿದ್ದಳು. ಗಂಡ ಅವಳ ಒತ್ತಾಯಕ್ಕೆ ಮಣಿದು, ತಿಂಗಳಿಗೆ ಇಷ್ಟು ಎಂದು ಕೈಗೆ ಕೊಡು ಅಂತ ಅಣ್ಣನನ್ನು ಕೇಳಿದ್ದ. “ಮಾಲಕಗ ಯಾರರ ಪಗಾರ ಕೊಡ್ತಾರೇನೋ ಹುಚ್ಚಾ?” ಎಂದು ಸಂಗಮನಾಥ ನಕ್ಕಿದ್ದ. ವಿಶ್ವರಾಧ್ಯನೂ ನಕ್ಕು ಸುಮ್ಮನಾಗಿದ್ದ. ಡೀಸೆಲ್ಲಿನ ರೊಕ್ಕ, ಮನೆಯಿಂದ ಒಂದು ಡಬ್ಬಿ ಊಟ, ಚಹಾಕ್ಕೆ ದಿನಕ್ಕೆ ನೂರು ರೂಪಾಯಿ. ಒಂಬತ್ತು ವರ್ಷ ಹೀಗೆಯೇ ನಡೆದಿತ್ತು.

ದೇವಿಂದ್ರಪ್ಪ ಎದ್ದ. ಸಂಗಮನಾಥ ಅವನನ್ನು ಅಂಗಳದವರೆಗೆ ಕಳಿಸಲು ಹೋದ. ಬಸಿ ಎತ್ತಲು ಬಂದ ಶಿವರಂಜನಿಗೆ ಏಜೆಂಟನ ಮೆಲುದನಿ ಕೇಳಿಸಿತು:

“ಇದ್ರಾಗ ನಿಮಗೊಂದು ಫಾಯ್ದಾನೂ ಅದ್ರಿ. ಗಂಡ ಡ್ರೈವರ್ ಇದ್ದ ಅಂತ ಆಕಿನೇ ಸಹಿ ಮಾಡಿದ್ಲಂದ್ರ, ನಾಳಿ ಗಾಡ್ಯಾಗ ಪಾಲು ಅಂತ ಯಾರೂ ಬರಂಗಿಲ್ಲ.”

ಸಂಗಮನಾಥ ಬೇಡ ಎಂದು ಹೇಳಲಿಲ್ಲ.

ಫೆಬ್ರುವರಿಯಲ್ಲಿ ಮನೆಯ ಕೆಲಸ ಎಂದಿನಂತೆ ನಡೆಯಿತು. ಹತ್ತಿ, ಮೆಣಸಿನಕಾಯಿಯ ಸುಗ್ಗಿ. ಎರಡು ಗಾಡಿಗಳು ಸುರಪುರ, ಶಹಾಪುರ, ಯಾದಗಿರಿ ಎಂದು ತಿರುಗುತ್ತಲೇ ಇದ್ದವು. ಒಂದನ್ನು ಸಂಗಮನಾಥ ಓಡಿಸುತ್ತಿದ್ದ, ಇನ್ನೊಂದನ್ನು ಹುಲಗಪ್ಪ ಎಂಬ ಹಳೆಯ ಡ್ರೈವರ್. ಶಿವರಂಜನಿ ಐದಕ್ಕೆ ಎದ್ದು ನಲವತ್ತು ರೊಟ್ಟಿ ಬಡಿಯುತ್ತಿದ್ದಳು. ಡ್ರೈವರು, ಹಮಾಲರ ಡಬ್ಬಿಗಳನ್ನು ಕಟ್ಟುವುದು ಮದುವೆಯಾಗಿ ಬಂದಾಗಿನಿಂದ ಅವಳ ಕೆಲಸ. ಐದು ಡಬ್ಬಿಗಳು ನಾಲ್ಕಾಗಿದ್ದವು. ಸಂಗಮನಾಥನ ಹೆಂಡತಿ ಸುನಿತಾ ಬೆಳಿಗ್ಗೆ ಬಾಡಿಗೆಯ ಫೋನುಗಳಿಗೆ ಉತ್ತರ ಕೊಡುತ್ತಿದ್ದಳು.

ಒಂದು ಭಾನುವಾರ ಶಿವರಂಜನಿಯ ತಂದೆ ಬಸವಂತ್ರಾಯ ಶಿರವಾಳದಿಂದ ಬಂದ. ಊಟದ ನಂತರ, ಕೈ ತೊಳೆದ ತಂಬಿಗೆ ಇನ್ನೂ ಕೈಯಲ್ಲಿರುವಾಗಲೇ ಮಾತು ತೆಗೆದ.

“ಸಂಗಮನಾಥಪ್ಪ, ಮೂರು ಗಾಡಿ ಇಬ್ಬರ ದುಡಿಮಿ. ಒಂದು ಗಾಡಿ ಮಗಳ ಹೆಸರಿಗೆ ಮಾಡಿಕೊಟ್ರ ಆಕಿ ಡ್ರೈವರ್ ಇಟ್ಟು ನಡಿಸ್ತಾಳ.”

“ಗಾಡಿ ನನ್ನವೇನ್ರಿ ಮಾವಾರ? ಅವ್ವನವು. ಅವ್ವ ಇರೋತನ ಪಾಲಿನ ಮಾತು ಎತ್ತಬ್ಯಾಡ್ರಿ.”

ಎಲ್ಲರೂ ಭೀಮಾಬಾಯಿಯ ಕಡೆ ನೋಡಿದರು. ಅವಳು ಮೊಮ್ಮಗಳ ತಲೆ ಬಾಚುತ್ತಿದ್ದಳು. “ನನ್ನವೇ ಅಂತ” ಎಂದಳು. “ನನ್ನ ಪಾಟ್ಲಿ ಮ್ಯಾಲ ಬಂದವು. ಅವುಗಳ ಕೀಲಿ ಯಾವ ಗೂಟಕ್ಕ ತೂಗತಾವ ಅನ್ನೋದೂ ನನಗ ಗೊತ್ತಿಲ್ಲ.”

ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಬಸವಂತ್ರಾಯ ಮಗಳಿಗೆ ಹೇಳಿದ: “ಪಾಲಿಗೆ ಕೋರ್ಟ್ ಹತ್ತಿದ್ರ ನಿನ್ನ ತಲಿ ಬೆಳ್ಳಗಾಗ್ತದ. ಸಹಿ ಮಾಡವ್ವ. ವಿಮಾ ರೊಕ್ಕ ಕೂಸಿನ ಹೆಸರಿಗೆ ಇಟ್ಟರ ಆಕಿ ಸಾಲಿ ನಡೀತದ.”

ಶಿವರಂಜನಿಗೆ ಲೆಕ್ಕ ಸ್ಪಷ್ಟವಿತ್ತು. ಗಂಡ ಮಾಲಕನಾಗಿದ್ದ ಎಂದರೆ ಪಾಲು ಕೇಳಬಹುದು, ವಿಮೆ ಇಲ್ಲ. ಡ್ರೈವರ್ ಆಗಿದ್ದ ಎಂದರೆ ವಿಮೆ ಉಂಟು, ಪಾಲಿಲ್ಲ. ಪಾಲು ಇಂದಿಗೂ ಸಿಗುವುದಿಲ್ಲ, ನಾಳೆಗೂ ಸಿಗುವುದಿಲ್ಲ. ಅವಳು ಮನೆಗೆ ಬಂದು ಸಂಗಮನಾಥನಿಗೆ “ಡ್ರೈವರ್ ಅಂತಲೇ ಬರಸ್ರಿ ಭಾವಾರ” ಎಂದಳು.

ವಕೀಲ ಭಗವಂತರಾಯರ ಕೋಣೆ ಶಹಾಪುರದ ಕೋರ್ಟಿಗೆ ಹತ್ತಿರ. ಅವರು ಆರ್‌ಸಿ, ಪಾಲಿಸಿ, ಪೊಲೀಸರ ವರದಿ ಎಲ್ಲವನ್ನೂ ಓದಿ, ಕನ್ನಡಕ ತೆಗೆದು ಕೇಳಿದರು:

“ಪಗಾರ ಕೊಟ್ಟಿದ್ದಕ್ಕ ಪುರಾವೆ?”

“ಮನಿ ಹುಡುಗರೀ” ಎಂದ ಸಂಗಮನಾಥ.

“ಕಂಪನಿಯವರೂ ಅದನ್ನೇ ಅಂತಾರ. ಮನಿ ಹುಡುಗ, ಅವ್ವನ ಗಾಡಿ ಓಡಿಸಿದ, ನೌಕರ ಅಲ್ಲ ಅಂತ. ಹುಲಗಪ್ಪಗ ಕೊಟ್ಟಿದ್ದು ಬರದಿಟ್ಟೀರೇನು?”

“ಹೌದ್ರಿ. ಪ್ರತಿ ತಿಂಗಳು ಸಹಿ ತಗೋತೀನಿ.”

“ಅದ್ರಾಗ ತಮ್ಮನ ಹೆಸರೂ ಇದ್ದಿದ್ರ ಛಲೋ ಇತ್ತು.” ವಕೀಲರು ಕನ್ನಡಕ ಹಾಕಿಕೊಂಡರು. “ನಾನು ಇಷ್ಟೇ ಹೇಳಬಲ್ಲೆ.”

ಮರುದಿನ ಮಧ್ಯಾಹ್ನ ಸಂಗಮನಾಥ ಒಂದು ಹೊಸ ರಿಜಿಸ್ಟರ್ ಪುಸ್ತಕ ತಂದ. ಅದರ ರಟ್ಟನ್ನು ಅಂಗಳದ ಫರಸಿಕಲ್ಲಿಗೆ ಉಜ್ಜಿ, ಮೂಲೆಗಳನ್ನು ಮಡಚಿ ಹಳೆಯದು ಮಾಡಿದ. ಸುನಿತಾಳ ಅಕ್ಷರಗಳು ದುಂಡಗಿದ್ದವು. ಎರಡು ವರ್ಷದ ತಿಂಗಳುಗಳನ್ನು ಅವಳೇ ಬರೆದಳು, ನಡುನಡುವೆ ಪೆನ್ನು ಬದಲಿಸುತ್ತ. ತಿಂಗಳು, ಹೆಸರು, ಹದಿನೈದು ಸಾವಿರ, ಕೊಟ್ಟ ತಾರೀಖು, ಪಡೆದವರ ಸಹಿ. ಕೊನೆಯ ಕಾಲಂ ಮಾತ್ರ ಖಾಲಿ ಉಳಿಯಿತು.

ವಿಶ್ವರಾಧ್ಯನ ಸಹಿ ಹಾಕಲು ಬರುತ್ತಿದ್ದುದು ಶಿವರಂಜನಿಯೊಬ್ಬಳಿಗೇ. ಅವನು ರಸ್ತೆಯ ಮೇಲಿದ್ದಾಗ ಗ್ಯಾಸಿನ ಚೀಟಿಗೆ, ಶಾಲೆಯ ಅರ್ಜಿಗೆ ಅವಳೇ ಹಾಕುತ್ತಿದ್ದಳು. ಮೊದಲ ಅಕ್ಷರ ದೊಡ್ಡದು, ಕಡೆಗೆ ಹೆಸರಿನ ಕೆಳಗೆ ಉದ್ದಕ್ಕೆ ಎಳೆದ ಒಂದು ಗೆರೆ. ಗೆರೆ ಎಳೆಯುವಾಗ ಅವನು ಪ್ರತಿ ಸಲವೂ ನಾಲಿಗೆ ಕಚ್ಚುತ್ತಿದ್ದ.

ಅವಳು ಚಾಪೆಯ ಮೇಲೆ ಕುಳಿತು ಸಹಿ ಹಾಕತೊಡಗಿದಳು. ಫೆಬ್ರುವರಿ. ಮಾರ್ಚ್. ಏಪ್ರಿಲ್. ಮೇ. ಜೂನಿಗೆ ಬಂದಾಗ ಪೆನ್ನು ನಿಂತಿತು.

ಆ ಜೂನಿನಲ್ಲಿ ಮಗಳಿಗೆ ಡೆಂಗಿ ಜ್ವರ ಬಂದಿತ್ತು. ಯಾದಗಿರಿಯ ದವಾಖಾನೆಯಲ್ಲಿ ಐದು ದಿನ. ಎಂಟು ಸಾವಿರ ಬೇಕೆಂದು ವಿಶ್ವರಾಧ್ಯ ಅಣ್ಣನಿಗೆ ಫೋನ್ ಮಾಡಿದ್ದ. ಬಾಡಿಗೆ ಇಲ್ಲದ ತಿಂಗಳು, ಎಲ್ಲಿಂದ ತರಲಿ ಎಂದು ಸಂಗಮನಾಥ ಹೇಳಿದ್ದ. ಶಿವರಂಜನಿ ಕಿವಿಯ ಬೆಂಡೋಲಿ ಬಿಚ್ಚಿ ಒತ್ತೆ ಇಟ್ಟಿದ್ದಳು. ಅವನ್ನು ಇನ್ನೂ ಬಿಡಿಸಿಕೊಂಡು ಬಂದಿರಲಿಲ್ಲ. ಪುಸ್ತಕದಲ್ಲಿ ಜೂನ್ ಒಂದರ ಎದುರು ಹದಿನೈದು ಸಾವಿರ ಕೊಡಲಾಗಿದೆ ಎಂದಿತ್ತು.

ಅವಳು ಪೆನ್ನಿಗೆ ಕ್ಯಾಪ್ ಹಾಕಿದಳು.

“ಯಾಕ ನಿಂತಿ?” ಎಂದಳು ಸುನಿತಾ.

“ಜೂನ್ ತಿಂಗಳಿಂದು ಕೊಡ್ರಿ, ಸಹಿ ಮಾಡ್ತೀನಿ.”

“ಏನು ಕೊಡ್ಬೇಕು?” ಎಂದ ಸಂಗಮನಾಥ.

“ಹದಿನೈದು ಸಾವಿರ. ಕೊಟ್ಟೀವಿ ಅಂತ ಇಲ್ಲಿ ಬರದೀರಲ್ಲ, ಕೊಡ್ರಿ.”

“ಹುಚ್ಚು ಹಿಡದದೇನು ನಿನಗ? ಯಾರ ಸಲುವಾಗಿ ಮಾಡಾಕತ್ತೇನಿ ಇದನ್ನ? ನಿನ್ನ ಸಲುವಾಗಿ, ನಿನ್ನ ಕೂಸಿನ ಸಲುವಾಗಿ!”

“ಕೂಸಿನ ಸಲುವಾಗಿ ಆವಾಗ ಎಂಟು ಸಾವಿರ ಕೇಳಿದ್ವಿ ಭಾವಾರ.”

“ಈಗ ಅದನ್ನ ಎತ್ತತೀಯೇನು? ಸತ್ತಾಂವನ ಮುಂದಿಟ್ಕೊಂಡು ಹಳೇ ಲೆಕ್ಕಾ ತಗೀತೀಯೇನು?”

“ಲೆಕ್ಕ ತಗದಾಕಿ ನಾನಲ್ರಿ. ಪುಸ್ತಕ ನೀವು ತಂದೀರಿ. ಡ್ರೈವರ್ ಅಂತ ಬರೀರಿ, ಪಗಾರ ಹದಿನೈದು ಸಾವಿರ ಅಂತ ಬರೀರಿ. ಕೊಟ್ಟೀವಿ ಅನ್ನೋದನ್ನ ಹೊಡದು ಹಾಕ್ರಿ. ಬಾಕಿ ಅದ ಅಂತ ಬರೀರಿ. ಎಲ್ಲಾ ತಿಂಗಳಿಗೂ ಸಹಿ ಮಾಡ್ತೀನಿ.”

ಸಂಗಮನಾಥ ಪುಸ್ತಕ ಕಿತ್ತುಕೊಂಡ. “ಕೇಳಿದ್ಯಾ ಅವ್ವ? ಎರಡು ವರ್ಷದ ಪಗಾರ ಬಾಕಿ ಅಂತ! ಮೂರೂವರಿ ಲಕ್ಷ ನಾವೇ ಕೊಡಬೇಕಂತ ಈಕಿಗೆ!”

“ಮೂರು ಲಕ್ಷ ಅರವತ್ತು ಸಾವಿರ” ಎಂದಳು ಶಿವರಂಜನಿ. “ಎರಡ ವರ್ಷದ್ದು ಹಿಡದ್ರ.”

“ನಾಕು ಸಹಿ ಮಾಡಿದಾಕಿಗೆ ಇಪ್ಪತ್ತು ಭಾರಾದ್ವು” ಎಂದು ಸುನಿತಾ ಸೆರಗು ಝಾಡಿಸಿ ಎದ್ದಳು. “ಬರೋ ಲಕ್ಷ್ಮಿಗೆ ಕದಾ ಹಾಕಾವ್ರಿಗೆ ಯಾರೇನು ಮಾಡಾಕ ಬರ್ತದ?”

ನಾಲ್ಕು ಸಹಿಗಳ ಪುಸ್ತಕವನ್ನು ನೋಡಿ ಭಗವಂತರಾಯರು ಅದನ್ನು ಮುಟ್ಟಲೂ ಇಲ್ಲ. “ಇದನ್ನ ಕಂಪನಿ ಮುಂದ ಇಟ್ರ ನಿಮ್ಮನ್ನೇ ಒಳಗ ಹಾಕ್ತಾರ. ಒಲಿಗೆ ಹಾಕ್ರಿ. ಅವ್ವಾರು ಬಾಯಿಲೆ ಗಟ್ಟಿಯಾಗಿ ಹೇಳಿದ್ರ ನೋಡೋಣ.” ಅಂದು ಸ್ನಾನದ ನೀರಿನ ಒಲೆಗೆ ಭೀಮಾಬಾಯಿಯೇ ಅದನ್ನು ತುರುಕಿದಳು. ರಟ್ಟು ಬೇಗ ಹೊತ್ತಲಿಲ್ಲ.

ಇನ್ನು ಉಳಿದದ್ದು ಅವಳ ಮಾತೊಂದೇ. ಕಂಪನಿಯ ತನಿಖಾಧಿಕಾರಿ ಮಾರ್ಚ್ ಮೊದಲ ವಾರ ಕಲಬುರಗಿಯಿಂದ ಬರುವವನಿದ್ದ. ಅಲ್ಲಿಯವರೆಗೆ ರಾತ್ರಿಯ ಊಟದ ಹೊತ್ತಿಗೆ ಸಂಗಮನಾಥ ತಾಯಿಗೆ ಪಾಠ ಹೇಳಿದ.

“ಸಾಹೇಬ ಕೇಳ್ತಾನ, ವಿಶ್ವರಾಧ್ಯ ಯಾರು? ನೀ ಏನಂತಿ?”

“ನನ್ನ ಮಗ ಅಂತೀನಿ.”

“ಅದಲ್ಲಬೇ!”

“ಮತ್ತೇನು, ನಿನ್ನ ಮಗ ಅನ್ನಲೇನು?”

“ನನ್ನ ಡ್ರೈವರ್ ಅನ್ಬೇಕು. ಪಗಾರ ಹದಿನೈದು ಸಾವಿರ. ಪ್ರತಿ ತಿಂಗಳು ಒಂದನೇ ತಾರೀಖಿಗೆ ಕೈಯಾಗ ಕೊಡ್ತಿದ್ದೆ ಅನ್ಬೇಕು.”

ಭೀಮಾಬಾಯಿ ಮುರಿದ ರೊಟ್ಟಿಯನ್ನು ಪುಂಡಿಪಲ್ಯದ ಪಕ್ಕದಲ್ಲೇ ಬಿಟ್ಟಳು. “ಹುಲಗಪ್ಪಗ ಹೇಳು. ಅವ ಅಂತಾನ.”

ಹುಲಗಪ್ಪನಿಗೂ ಹೇಳಿಯಾಗಿತ್ತು. ಅವನು ತಲೆ ಕೆರೆದುಕೊಂಡಿದ್ದ. “ನೀವು ಹೇಳಿದ್ದು ಹೇಳ್ತೀನ್ರಿ. ಆದ್ರ ಸಣ್ಣ ಮಾಲಕರು ಅಂತಲೇ ಬಾಯಾಗ ಬಂದುಬಿಡ್ತದ. ಒಂಬತ್ತು ವರ್ಷದ ರೂಢಿ.”

ಐದನೆಯ ದಿನ ಭೀಮಾಬಾಯಿ ಪಾಠ ಒಪ್ಪಿಸಿದಳು. ಮೂರೂ ಮಾತು ತಪ್ಪಿಲ್ಲದೆ ಹೇಳಿ, ಎದ್ದು ಹೋಗಿ ಹೊರಗೆ ಉಗುಳಿ ಬಂದಳು. ಪಾತ್ರೆ ತೊಳೆಯುತ್ತಿದ್ದ ಸೊಸೆಯ ಹತ್ತಿರ ನಿಂತು, “ನಿನ್ನ ಸಲುವಾಗಿ ಅಂತೀನಿ ನೋಡು” ಎಂದಳು. “ನೀನೂ ನಾಕು ಸಹಿ ಮಾಡೀದಿ. ನಾನೂ ಮೂರು ಸುಳ್ಳು ಹೇಳ್ತೀನಿ.”

“ನಿಮ್ಮವು ಮೂರೂ ಸುಳ್ಳಲ್ರಿ ಅತ್ತಿ.”

“ಅಂದ್ರ?”

“ಡ್ರೈವರ್ ಅನ್ನೋದು ಖರೆನ.”

ಭೀಮಾಬಾಯಿ ಅಂದಿನಿಂದ ಎರಡು ದಿನ ಸೊಸೆಯ ಕೈಯ ಚಹಾ ಮುಟ್ಟಲಿಲ್ಲ.

ತನಿಖಾಧಿಕಾರಿ ಬಂದದ್ದು ಒಂದು ಗುರುವಾರ, ಹನ್ನೊಂದು ಗಂಟೆಗೆ. ಮೂವತ್ತರ ಒಳಗಿನ ಹುಡುಗ, ಕುತ್ತಿಗೆಗೆ ಗುರುತಿನ ಕಾರ್ಡು, ಕೈಯಲ್ಲಿ ಅಚ್ಚಾದ ಅರ್ಜಿಗಳ ಫೈಲು. ಮೊದಲು ಅಂಗಳದಲ್ಲಿ ಹುಲಗಪ್ಪನ ಜೊತೆ ಹತ್ತು ನಿಮಿಷ ಮಾತಾಡಿದ. ಆಮೇಲೆ ಒಳಗೆ ಬಂದು, ಸುನಿತಾ ಕೊಟ್ಟ ಚುರುಮುರಿ ಸುಸಲಾ ಎರಡು ತುತ್ತು ತಿಂದು, ಪೆನ್ನು ತೆಗೆದ. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ.

“ಅಮ್ಮಾರ, ತೀರಿಕೊಂಡವರು ನಿಮಗ ಏನಾಗಬೇಕು?”

“ಡ್ರೈವರ್” ಎಂದಳು ಭೀಮಾಬಾಯಿ.

ಹುಡುಗ ತಲೆ ಎತ್ತಿದ. “ಪೊಲೀಸರ ಕಾಗದದಾಗ ಮಗ ಅಂತ ಅದಲ್ರಿ.”

“ಮಗನೂ ಹೌದು.”

“ಪಗಾರ?”

“ಹದಿನೈದು ಸಾವಿರ. ಒಂದನೇ ತಾರೀಖಿಗೆ. ಕೈಯಾಗ.” ಅವಳು ಸಂಗಮನಾಥನ ಕಡೆ ನೋಡಿದಳು. ಅವನು ಕಣ್ಣಿನಲ್ಲೇ ಸರಿ ಎಂದ.

ಹುಡುಗ ಬರೆದುಕೊಂಡ. ಒಂದು ಗುಟುಕು ಚಹಾ ಕುಡಿದ. “ಡಿಸೆಂಬರ್ ಒಂದಕ್ಕ ಕೊಟ್ಟ ರೊಕ್ಕದಾಗ ಅವರು ಏನಾರ ತಗೊಂಡಿದ್ರೇನ್ರಿ? ಬ್ಯಾಂಕಿಗೆ ಹಾಕಿದ್ರೋ, ಮನಿಗೆ ಏನಾರ ತಂದ್ರೋ?”

ಇದು ಪಾಠದಲ್ಲಿ ಇರಲಿಲ್ಲ. ಭೀಮಾಬಾಯಿ ಸುತ್ತ ನೋಡಿದಳು. ಗೋಡೆಯ ಬುಡದಲ್ಲಿ ವಿಶ್ವರಾಧ್ಯನ ಚಪ್ಪಲಿಗಳು ಇನ್ನೂ ಇದ್ದವು. ದವಾಖಾನೆಯವರು ಚೀಲದಲ್ಲಿ ಹಾಕಿ ಕೊಟ್ಟವು. ಎಡಗಾಲಿನದರ ಬಾರು ತಂತಿಯಿಂದ ಬಿಗಿದಿತ್ತು.

“ನನ್ನ ಮಗ ಡಿಸೆಂಬರದಾಗ ಹರದ ಚಪ್ಲಿ ಮ್ಯಾಲ ತಿರಗತಿದ್ದ” ಎಂದಳು. “ಅಲ್ಲೇ ಅದಾವ ನೋಡು. ಹದಿನೈದು ಸಾವಿರ ಕೈಯಾಗಿದ್ದಾಂವ ತಂತಿ ಕಟ್ಟಿದ ಚಪ್ಲಿ ಹಾಕ್ಕೋತಾನೇನಪ್ಪ?”

“ಅವ್ವ!” ಎಂದ ಸಂಗಮನಾಥ.

“ನೀ ಸುಮ್ಮನಿರು. ಐದು ದಿನ ನೀ ಹೇಳಿದ್ದು ನಾ ಕೇಳೀನಿ.” ಅವಳು ಹುಡುಗನ ಕಡೆ ತಿರುಗಿದಳು. “ಹೊಟ್ಯಾಗ ಹುಟ್ಟಿದಾಂವಗ ಯಾರಪ್ಪ ಪಗಾರ ಕೊಡ್ತಾರ? ನಿಮ್ಮವ್ವ ನಿನಗ ಕೊಡ್ತಾಳೇನು? ಮಾಲಕ ಅವ. ಈ ಮನಿ ಮಾಲಕ.”

“ಗಾಡಿ ನಿಮ್ಮ ಹೆಸರಿನಾಗವ ಅಲ್ರಿ?”

“ನನ್ನವು ಅಂದ್ರ ನನ್ನ ಮಕ್ಕಳವು. ಇಬ್ಬರವೂ.”

ಹುಡುಗ ಪೆನ್ನನ್ನು ಹಾಳೆಯ ಮೇಲೆ ಹಿಡಿದು ಸಂಗಮನಾಥನನ್ನು ಕೇಳಿದ: “ಹೌದೇನ್ರಿ? ನಿಮ್ಮ ತಮ್ಮಗೂ ಗಾಡ್ಯಾಗ ಹಕ್ಕಿತ್ತೇನು? ನೀವು ಹೇಳಿದಂಗ ಬರ್ಕೋತೀನಿ.”

ಶಿವರಂಜನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ವಿಮೆ ಹೋಯಿತೆಂಬುದು ಅವಳಿಗೆ ಗೊತ್ತಾಗಿತ್ತು. ಇನ್ನು ಪಾಲೊಂದು ಉಳಿದಿತ್ತು. ಭಾವ ಈಗ ಹೌದೆಂದರೆ ಅದೊಂದು ಕಾಗದದ ಮೇಲೆ ಉಳಿಯುತ್ತದೆ.

ಸಂಗಮನಾಥ ಗಂಟಲು ಸರಿಮಾಡಿಕೊಂಡ. “ಇಲ್ರಿ ಸಾಹೇಬ್ರ. ಗಾಡಿ ಅವ್ವನವು. ವ್ಯವಹಾರ ನಂದು. ತಮ್ಮ ಓಡಿಸ್ತಿದ್ದ, ಅಷ್ಟೇ.”

“ಪಗಾರಕ್ಕೇನು?”

“ಮನಿ ಹುಡುಗರೀ... ಊಟ, ಬಟ್ಟಿ, ಖರ್ಚು ಎಲ್ಲಾ ಮನ್ಯಾಗ ನಡೀತಿತ್ತು.”

ಹುಡುಗ ಶಿವರಂಜನಿಯ ಕಡೆ ನೋಡಿದ. “ನೀವೇನಂತೀರಿ ಅಕ್ಕಾರ? ನಿಮ್ಮವರು ಗಾಡ್ಯಾಗ ಯಾರಾಗಿದ್ರು?”

“ದುಡಿಯೋ ಹೊತ್ತಿಗೆ ಆಳು” ಎಂದಳು ಶಿವರಂಜನಿ. “ಪಗಾರ ಕೇಳೋ ಹೊತ್ತಿಗೆ ಮಾಲಕ.”

ಹುಡುಗ ಹಾಳೆಯ ಮೇಲಿನಿಂದ ಕೆಳಗೆ ಪೆನ್ನು ಆಡಿಸಿದ. “ಅದಕ್ಕ ಇಲ್ಲಿ ಜಾಗ ಇಲ್ರಿ ಅಕ್ಕಾರ” ಎಂದ. ಹಾಳೆಯಲ್ಲಿ ಮೂರು ಚೌಕಗಳಿದ್ದವು: ಮಾಲೀಕ, ವೇತನದ ಚಾಲಕ, ಇತರೆ. ಅವನು ಮೂರನೆಯದಕ್ಕೆ ಗುರುತು ಹಾಕಿ, ಭೀಮಾಬಾಯಿಯ ಸಹಿ ತೆಗೆದುಕೊಂಡು, ಸುಸಲಾ ಚೆನ್ನಾಗಿತ್ತು ಎಂದು ಹೇಳಿ ಹೋದ.

ಅವನು ಓಣಿ ದಾಟುವ ಮೊದಲೇ ಜಗಳ ಎದ್ದಿತು. ಮುದುಕಿಯ ಬಾಯಿಂದ ಕೆಟ್ಟಿತು ಎಂದ ಸಂಗಮನಾಥ. ಪುಸ್ತಕ ತುಂಬಿದ್ದರೆ ಬಾಯಿಯ ಮಾತೇ ಬೇಕಿರಲಿಲ್ಲ ಎಂದಳು ಸುನಿತಾ. ಒಬ್ಬ ಮಗನ ಬಾಯಿಂದ ಇನ್ನೊಬ್ಬ ಮಗನ ಪಾಲು ಹೋಯಿತು, ಅದನ್ನ ಯಾಕ ಯಾರೂ ಅನ್ನಂಗಿಲ್ಲ ಎಂದಳು ಭೀಮಾಬಾಯಿ. ಅಂದು ಮಧ್ಯಾಹ್ನ ಆ ಮನೆಯಲ್ಲಿ ಉಂಡದ್ದು ಶಾಲೆಯಿಂದ ಬಂದ ಮಗಳೊಬ್ಬಳೇ.

ಮಾರ್ಚ್ ಕೊನೆಗೆ ರಿಜಿಸ್ಟರ್ ಅಂಚೆಯಲ್ಲಿ ಉತ್ತರ ಬಂತು. ಮೃತರು ಪಾಲಿಸಿದಾರರಲ್ಲ, ಪಾಲಿಸಿದಾರರ ವೇತನದ ನೌಕರರಾಗಿದ್ದರೆಂಬುದಕ್ಕೆ ಆಧಾರವಿಲ್ಲ, ಆದ್ದರಿಂದ ಪರಿಹಾರ ಕೊಡಲು ಬರುವುದಿಲ್ಲ. ಕೋರ್ಟಿಗೆ ಹೋಗಬಹುದು ಎಂದರು ಭಗವಂತರಾಯರು. ಮೂರು ವರ್ಷ, ನಾಲ್ಕು ವರ್ಷ. ಗೆಲ್ಲಲೂಬಹುದು. ಆದರೆ ಗಾಡಿಯ ಒಡತಿಯೇ ಮೊದಲ ಎದುರುದಾರಳು. “ಅತ್ತಿ ಮ್ಯಾಲ ಕೇಸ್ ಹಾಕಬೇಕಾಗ್ತದವ್ವ. ಕಂಪನಿ ಆಮ್ಯಾಲ ಬರ್ತದ.” ಶಿವರಂಜನಿ ಕಾಗದ ಮಡಚಿಕೊಂಡು ಬಂದಳು. ಅರ್ಜಿ ಕೊಡಲು ಎರಡು ವರ್ಷದ ಗಡುವಿದೆ ಎಂದು ವಕೀಲರು ಹೇಳಿದ್ದನ್ನು ಯಾರಿಗೂ ಹೇಳಲಿಲ್ಲ.

ಪಲ್ಟಿಯಾದ ಗಾಡಿಯ ರಿಪೇರಿ ರೊಕ್ಕ ಮಾತ್ರ ಅದೇ ವಾರ ಬಂದಿತ್ತು. ಏಪ್ರಿಲ್ ಒಂದರ ಬೆಳಿಗ್ಗೆ ಗಾಡಿ ಅಂಗಳದಲ್ಲಿ ನಿಂತಿತ್ತು. ಹೊಸ ಗಾಜು, ಅದರ ಮೇಲೆ ಹೊಸದಾಗಿ ಬರೆಸಿದ ‘ಅವ್ವನ ಆಶೀರ್ವಾದ’. ಅದಕ್ಕೆ ಹುಲಗಪ್ಪನ ಅಕ್ಕನ ಮಗ ಕಾಂತೇಶ ಡ್ರೈವರ್ ಆಗಿ ಬಂದಿದ್ದ. ತಿಂಗಳಿಗೆ ಹದಿನಾಲ್ಕು ಸಾವಿರ, ಹೊರಗೆ ಉಳಿದರೆ ಭತ್ಯೆ ಬೇರೆ. ಸಂಗಮನಾಥ ಪಡಸಾಲೆಯಲ್ಲಿ ಪಗಾರದ ಪುಸ್ತಕ ಬಿಚ್ಚಿ, ಅವನ ಹೆಸರು, ಲೈಸನ್ಸ್ ನಂಬರು, ಸೇರಿದ ತಾರೀಖು ಬರೆದ. ಎಲ್ಲವನ್ನೂ ಓದಿ ಹೇಳಿದ. “ನೋಡಪ್ಪ, ಎಲ್ಲಾ ಬರದಿದ್ದು ಇರ್ಬೇಕು” ಎಂದ.

“ರಂಜನಿ, ಇವತ್ತಿಂದ ಡಬ್ಬಿ ಮತ್ತ ಐದು” ಎಂದು ಸುನಿತಾ ಕೂಗಿದಳು.

ಶಿವರಂಜನಿ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. “ಆ ಪುಸ್ತಕದಾಗ ನನ್ನ ಹೆಸರೂ ಬರೀರಿ ಭಾವಾರ.”

“ನಿನ್ನ ಹೆಸರ್ಯಾಕ?”

“ಡ್ರೈವರು, ಹಮಾಲರ ಡಬ್ಬಿ ಅಡಗಿ. ಐದು ಡಬ್ಬಿ. ತಿಂಗಳಿಗೆ ಆರು ಸಾವಿರ.”

ಕಾಂತೇಶ ಎದ್ದು ಹೊರಗೆ ಹೋದ. ಸಂಗಮನಾಥನ ಮುಖ ಕೆಂಪಗಾಯಿತು. “ನೀ ಈ ಮನಿ ಸೊಸಿ.”

“ಅವರೂ ಈ ಮನಿ ಮಗ ಇದ್ರು.”

“ಮಂದಿ ಏನಂತಾರ? ಸೊಸಿಗೆ ಪಗಾರ ಕೊಟ್ಟು ದುಡಿಸ್ಕೋತಾರ ಅನ್ನಂಗಿಲ್ಲೇನು?”

“ಕೊಡ್ಲಾರದ ದುಡಿಸ್ಕೋತಾರ ಅನ್ನೋದಕ್ಕಿಂತ ಛಲೋನ ಅಲ್ರಿ? ನಾಳಿ ನಾ ಸತ್ರ, ನಾ ಈ ಮನ್ಯಾಗ ಯಾರಿದ್ದೆ ಅಂತ ಕೇಳಾಕ ಯಾರರ ಫೈಲ್ ಹಿಡ್ಕೊಂಡು ಬರ್ತಾರ. ಆವಾಗ ಬರದಿದ್ದು ಒಂದಿರ್ಲಿ.”

“ಬ್ಯಾಡ ಅಂದ್ರ?”

“ಬ್ಯಾಡ ಅಂದ್ರ ನಾಳಿಂದ ಡಬ್ಬಿ ಸುನಿತಾ ಅಕ್ಕ ಕಟ್ತಾಳ. ನಾ ವಕೀಲರ ಹತ್ರ ಹೋಗಿ ಇನ್ನೊಂದು ಸಹಿ ಮಾಡ್ತೀನಿ.”

ಅದು ಅವ್ವನ ಮೇಲಿನ ಕೇಸಿನ ಅರ್ಜಿಯ ಸಹಿ ಎಂದು ಸಂಗಮನಾಥನಿಗೆ ತಿಳಿಯಿತು. ಅವನು ತಾಯಿಯ ಕಡೆ ನೋಡಿದ. ಭೀಮಾಬಾಯಿ ಗೋಡೆ ಹಿಡಿದು ಎದ್ದು ಬಂದು ಅವನ ಎದುರು ಕುಳಿತಳು.

“ತಾ ಇಲ್ಲಿ ಪುಸ್ತಕ.”

“ಅವ್ವ, ನೀ ನಡುವ...”

“ಮಾಲಕಿ ನಾನಲ್ಲ? ಕಂಪನಿಯಾಂವನ ಮುಂದ ನೀನ ಅಂದಿ, ಗಾಡಿ ಅವ್ವನವು ಅಂತ. ತಾ. ಮಗಂದು ಬರೀಲಿಲ್ಲ. ಸೊಸಿದರ ಬರೀ.”

ಸಂಗಮನಾಥ ಬರೆದ. ಶಿವರಂಜನಿ, ಅಡುಗೆ, ಆರು ಸಾವಿರ, ಏಪ್ರಿಲ್ ಒಂದು. ಒತ್ತಿ ಬರೆದದ್ದಕ್ಕೆ ಅಕ್ಷರಗಳು ಮುಂದಿನ ಹಾಳೆಗೂ ಮೂಡಿದವು. ಭೀಮಾಬಾಯಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಮಾಲಕರ ಸಹಿ ಎಂದಿದ್ದ ಕಡೆ ತನ್ನ ಹೆಸರು ಬರೆದಳು. ಹನ್ನೊಂದು ವರ್ಷದಲ್ಲಿ ಅವಳು ಏನೆಂದು ತಿಳಿದು ಹಾಕಿದ ಮೊದಲ ಸಹಿ ಅದು.

ಅವನು ಪುಸ್ತಕವನ್ನು ಶಿವರಂಜನಿಯ ಕಡೆ ನೂಕಿದ. “ಹಾಕು ನೀನೂ. ಒಂದ ಸಲ ಮುಗಿಸಿಬಿಡು.” ಅವನ ಬೆರಳು ಪಡೆದವರ ಸಹಿ ಎಂಬ ಕಾಲಂ ಮೇಲಿತ್ತು.

“ಅದು ಈಗಲ್ರಿ” ಎಂದಳು ಶಿವರಂಜನಿ. “ಕೈಗೆ ಬಂದ ಮ್ಯಾಲ.”

ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅವಳು ಒಳಗೆ ಹೋಗಿ ಅದನ್ನು ತಿರುವಿ ಹಾಕಿ, ಮುಂದಿನ ರೊಟ್ಟಿಗೆ ಹಿಟ್ಟು ನಾದಿಕೊಂಡಳು. ಐದನೆಯ ಡಬ್ಬಿ ಗೂಡಿನಲ್ಲಿತ್ತು. ಮುಚ್ಚಳದ ಮೇಲೆ ಮೊಳೆಯಿಂದ ಕೊರೆದ ಹೆಸರು ಇನ್ನೂ ಇತ್ತು, ಮೊದಲ ಅಕ್ಷರ ದೊಡ್ಡದು, ಕೆಳಗೊಂದು ಉದ್ದ ಗೆರೆ. ಅವಳು ಅದನ್ನು ತೊಳೆದು, ಒರೆಸಿ, ಕಾಂತೇಶನ ಊಟ ಕಟ್ಟಿದಳು.